ಊರಿಗೆ ಬಂದವರು ನೀರಿಗೂ ಬರಬೇಕು

(ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಭಾಷಣದ ಪೂರ್ಣ ಪಠ್ಯ)



ಒಂದು ಪ್ರಶ್ನೆಯಿಂದಲೇ ಮಾತು ಶುರು ಮಾಡುತ್ತೇನೆ. ನಿಮ್ಮ ಊರಿನ ಪಂಚಾಯತಿಯ ಅಧ್ಯಕ್ಷರು ಯಾರು ಎಂದು ಕೇಳಿದರೆ ನೀವು ತಟ್ಟನೆ ಹೇಳುತ್ತೀರಿ. ಅವರು ಯಾರ ಮಗ, ಯಾರ ಅಳಿಯ ಎಂಬುದನ್ನೂ ಸೇರಿಸಿ ಹೇಳುತ್ತೀರಿ. ಈಗ ಇನ್ನೊಂದು ಪ್ರಶ್ನೆ. ಮೂವತ್ತು ವರ್ಷಗಳಿಂದ ನೀವು ಬಾಡಿಗೆಯನ್ನೋ ತೆರಿಗೆಯನ್ನೋ ಕಟ್ಟುತ್ತಿರುವ ಈ ಮುಂಬಯಿಯ ಮನೆ ಯಾವ ವಾರ್ಡಿಗೆ ಸೇರಿದೆ? ನಿಮ್ಮ ನಗರಸೇವಕರು ಯಾರು? ವಾರ್ಡ್ ಕಚೇರಿ ಎಲ್ಲಿದೆ?

ಉತ್ತರ ಬಾರದಿದ್ದರೆ ನಾಚಿಕೊಳ್ಳಬೇಡಿ. ಬಹಳ ಕಾಲ ನನಗೂ ಗೊತ್ತಿರಲಿಲ್ಲ. ಬ್ಯಾಂಕಿನ ಕೆಲಸ, ಲೋಕಲ್ ಟ್ರೇನು, ಮಕ್ಕಳ ಶಾಲೆ, ವರ್ಷಕ್ಕೊಮ್ಮೆ ಊರು, ಇಷ್ಟರಲ್ಲೇ ಆಯುಷ್ಯ ಕಳೆಯುತ್ತಿತ್ತು. ನಾವು ಹೊರಗಿನಿಂದ ಬಂದವರು, ಇಲ್ಲಿಯ ಪಾಲಿಕೆಯ ಉಸಾಬರಿ ನಮಗೇಕೆ ಎಂದುಕೊಂಡಿದ್ದೆ.

ಆ ಭಾವನೆ ಹೋದದ್ದು 2005ರ ಜುಲೈ 26ರಂದು. ಆ ದಿನವನ್ನು ಮುಂಬಯಿಯವರಿಗೆ ನೆನಪಿಸಬೇಕಾಗಿಲ್ಲ. ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಮಳೆ ಬಿತ್ತು. ನಮ್ಮ ಕಟ್ಟಡದ ನೆಲಮಹಡಿಗೆ ಎದೆಮಟ್ಟದ ನೀರು ನುಗ್ಗಿತು. ಅಲ್ಲಿ ಒಬ್ಬರೇ ಇದ್ದ ಅಜ್ಜಿಯನ್ನು ನಾಲ್ಕು ಮಂದಿ ಹುಡುಗರು ಕುರ್ಚಿಯ ಸಮೇತ ಎತ್ತಿಕೊಂಡು ನಮ್ಮ ಮನೆಗೆ ತಂದರು. ರಾತ್ರಿಯೆಲ್ಲ ಆಕೆ ಒಂದೇ ಮಾತು ಹೇಳುತ್ತಿದ್ದರು: "ಗಟಾರ ತುಂಬಿದೆ ಎಂದು ನಾನು ಏಪ್ರಿಲ್‌ನಿಂದ ಹೇಳುತ್ತಿದ್ದೆ, ಯಾರೂ ಕೇಳಲಿಲ್ಲ."

ಅಂಥ ಮಳೆಗೆ ಒಂದು ಗಲ್ಲಿಯ ಗಟಾರ ಸ್ವಚ್ಛವಾಗಿದ್ದರೂ ಏನೂ ಸಾಲುತ್ತಿರಲಿಲ್ಲ, ನಿಜ. ಆದರೆ ಆಕೆ ಏಪ್ರಿಲ್‌ನಿಂದ ಹೇಳುತ್ತಿದ್ದದ್ದು ನನಗೆ. ನಾನು "ಹೌದಾ ಅಜ್ಜಿ" ಎಂದು ಹೇಳಿ ಟ್ರೇನು ಹಿಡಿಯಲು ಓಡುತ್ತಿದ್ದೆ. ಆ ಮಾತು ಇಂದಿಗೂ ನನ್ನನ್ನು ಚುಚ್ಚುತ್ತದೆ. ನಾನು ಪಾಲಿಕೆಯ ಕೆಲಸಕ್ಕೆ ಸ್ವಯಂಸೇವಕಿಯಾಗಿ ಹೊರಟದ್ದಕ್ಕೆ ಬೇರೆ ದೊಡ್ಡ ಕಾರಣವೇನೂ ಇಲ್ಲ.

ಕೇಳುಗರೆ, ಸ್ವಯಂಸೇವೆ ನಮ್ಮವರಿಗೆ ಹೊಸದಲ್ಲ. ಹಗಲೆಲ್ಲ ಹೋಟೆಲಿನಲ್ಲಿ ದುಡಿದ ಹುಡುಗರಿಗೆ ಇದೇ ನಗರದ ಕನ್ನಡ ರಾತ್ರಿಶಾಲೆಗಳಲ್ಲಿ ಅಕ್ಷರ ಕಲಿಸಿದವರು ನಮ್ಮವರೇ. ಸಂಘದ ವಾರ್ಷಿಕೋತ್ಸವಕ್ಕೆ ಕುರ್ಚಿ ಹಾಕುವವರು, ಯಕ್ಷಗಾನಕ್ಕೆ ಟಿಕೆಟು ಮಾರುವವರು, ನವರಾತ್ರಿಯಲ್ಲಿ ಊಟ ಬಡಿಸುವವರು ನಮ್ಮಲ್ಲಿ ಎಷ್ಟು ಬೇಕಾದರೂ ಇದ್ದಾರೆ. ಆದರೆ ಸಭಾಗೃಹದ ಬಾಗಿಲು ದಾಟಿ ರಸ್ತೆಗೆ ಬಂದ ಕೂಡಲೇ ನಾವು ಅತಿಥಿಗಳಾಗಿಬಿಡುತ್ತೇವೆ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂಬ ಗಾದೆಯಿದೆ. ನಾವು ಊರಿಗೆ ಬಂದು ಎರಡು ತಲೆಮಾರು ಕಳೆದರೂ ನೀರಿಗೆ ಬಂದಿಲ್ಲ. ನೀರೇ ನಮ್ಮ ಮನೆಗೆ ಬರುವ ತನಕ ಕಾದೆವು!

ಈ ಪಾಲಿಕೆ ನಮಗೆ ಪರಕೀಯವೂ ಅಲ್ಲ. ಮುಂಬಯಿ ಮಹಾನಗರಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸಿದ ಸಂಸ್ಥೆ. ಆ ಎಂಟರಲ್ಲಿ ಕನ್ನಡವೂ ಒಂದು. ನಮ್ಮಲ್ಲಿ ಎಷ್ಟೋ ಮಂದಿ ಅ ಆ ಇ ಈ ತಿದ್ದಿದ್ದು ಪಾಲಿಕೆಯ ಸ್ಲೇಟಿನ ಮೇಲೆಯೇ.

ಇನ್ನು ಕಾನೂನಿನ ಮಾತನ್ನು ಚುಟುಕಾಗಿ ಹೇಳುತ್ತೇನೆ. ಸಂವಿಧಾನದ 74ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂತು. ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನರಿರುವ ನಗರಗಳಲ್ಲಿ ವಾರ್ಡ್ ಸಮಿತಿಗಳು ಇರಲೇಬೇಕೆಂದು ಅದು ಹೇಳಿತು. ಮುಂಬಯಿಯಲ್ಲಿ ಚುನಾಯಿತ ನಗರಸೇವಕರ ಸಂಖ್ಯೆ 227. ಹಿಂದಿನ ಸಭೆಯ ಅವಧಿ 2022ರ ಮಾರ್ಚ್‌ನಲ್ಲಿ ಮುಗಿದ ಮೇಲೆ ಸುಮಾರು ನಾಲ್ಕು ವರ್ಷ ಆಡಳಿತಾಧಿಕಾರಿಯೇ ನಗರವನ್ನು ನಡೆಸಿದರು. ಚುನಾವಣೆ ನಡೆದದ್ದು 2026ರ ಜನವರಿಯಲ್ಲಿ. ನಗರಸೇವಕರೇ ಇಲ್ಲದ ಆ ವರ್ಷಗಳಲ್ಲಿ ವಾರ್ಡ್ ಕಚೇರಿಯ ಮೆಟ್ಟಿಲು ಹತ್ತಿ ಗಲ್ಲಿಯ ಪರವಾಗಿ ಮಾತಾಡಲು ನಾಗರಿಕರ ಹೊರತು ಬೇರೆ ಯಾರಿದ್ದರು, ಹೇಳಿ?

ನಾಗರಿಕರು ಪಾಲಿಕೆಯ ಜೊತೆ ಸೇರಿ ಕೆಲಸ ಮಾಡಲು ಮುಂಬಯಿಯಲ್ಲಿ ಒಂದು ಒಳ್ಳೆಯ ದಾರಿ ಇದೆ. ಅದರ ಹೆಸರು ಅಡ್ವಾನ್ಸ್‌ಡ್ ಲೊಕ್ಯಾಲಿಟಿ ಮ್ಯಾನೇಜ್‌ಮೆಂಟ್, ಚಿಕ್ಕದಾಗಿ ಎಎಲ್ಎಂ. 1990ರ ದಶಕದ ಕೊನೆಯಲ್ಲಿ ಘಾಟ್‌ಕೋಪರ್‌ನ ಜೋಶಿ ಲೇನ್ ಎಂಬ ಗಲ್ಲಿಯ ನಿವಾಸಿಗಳು ತಮ್ಮ ಕಸವನ್ನು ತಾವೇ ಬೇರ್ಪಡಿಸಿ ರಸ್ತೆಯನ್ನು ಸುಧಾರಿಸಿ ತೋರಿಸಿದರು. ಪಾಲಿಕೆ ಅದನ್ನೇ ಮಾದರಿ ಮಾಡಿಕೊಂಡು ಬೇರೆ ಬಡಾವಣೆಗಳಿಗೂ ವಿಸ್ತರಿಸಿತು. ಒಂದು ರಸ್ತೆಯ ಅಥವಾ ಬಡಾವಣೆಯ ನಿವಾಸಿಗಳು ಸಮಿತಿ ಮಾಡಿಕೊಂಡು ವಾರ್ಡ್ ಕಚೇರಿಯಲ್ಲಿ ನೋಂದಾಯಿಸುತ್ತಾರೆ. ಅವರ ಜೊತೆ ಮಾತಾಡಲು ಪಾಲಿಕೆ ಒಬ್ಬ ಅಧಿಕಾರಿಯನ್ನು ಗೊತ್ತುಮಾಡುತ್ತದೆ. ಎಲ್ಲ ಎಎಲ್ಎಂಗಳೂ ಚುರುಕಾಗಿವೆ ಎಂದು ಸುಳ್ಳು ಹೇಳಲಾರೆ. ಕೆಲವು ಬೋರ್ಡಿನಲ್ಲಿ ಮಾತ್ರ ಉಳಿದಿವೆ. ನಾಲ್ಕು ಮಂದಿ ಪಟ್ಟು ಹಿಡಿದು ಕೂತ ಕಡೆ ಕೆಲಸ ಆಗಿದೆ.

ಹಾಗಾದರೆ ಶುರು ಮಾಡುವುದು ಹೇಗೆ? ನಾನು ಎಡವಿ ಕಲಿತದ್ದನ್ನೇ ಹೇಳುತ್ತೇನೆ.

ಮೊದಲ ಸಲ ವಾರ್ಡ್ ಕಚೇರಿಗೆ ಹೋದಾಗ ನಾನು ಎರಡು ಪುಟದ ಪತ್ರ ಬರೆದಿದ್ದೆ. ಗಟಾರ, ಬೀದಿದೀಪ, ನಾಯಿ, ಫುಟ್‌ಪಾತ್, ಮರದ ಕೊಂಬೆ ಎಲ್ಲ ಸೇರಿ ಹದಿನಾಲ್ಕು ದೂರುಗಳು. ಜೊತೆಗೆ ಒಂದಿಷ್ಟು ಬೈಗುಳ. ಅದು ಆ ಮೇಜಿನಿಂದ ಈ ಮೇಜಿಗೆ ಹೋಗಿ ಎಲ್ಲೋ ಮಾಯವಾಯಿತು. ಎರಡು ತಿಂಗಳ ಮೇಲೆ ಒಬ್ಬ ವಯಸ್ಸಾದ ಗುಮಾಸ್ತರು ಕರೆದು ಮೆಲ್ಲಗೆ ಹೇಳಿದರು: "ತಾಯಿ, ಹದಿನಾಲ್ಕು ದೂರು ಎಂದರೆ ಐದು ಇಲಾಖೆ. ಐದು ಇಲಾಖೆಯ ಕಾಗದ ಯಾರದ್ದೂ ಅಲ್ಲ. ಒಂದು ಕಾಗದಕ್ಕೆ ಒಂದೇ ಕೆಲಸ ಬರೆಯಿರಿ." ನನ್ನ ಸ್ವಯಂಸೇವೆಯ ಮೊದಲ ಪಾಠ ಅದು.

ಆದ್ದರಿಂದ ನೀವು ಮೊದಲು ಮಾಡಬೇಕಾದದ್ದು ನಡೆಯುವುದು. ಭಾನುವಾರ ಬೆಳಿಗ್ಗೆ ಒಂದು ನೋಟ್‌ಬುಕ್ ಹಿಡಿದು ನಿಮ್ಮ ಗಲ್ಲಿಯ ಈ ತುದಿಯಿಂದ ಆ ತುದಿಗೆ ನಡೆಯಿರಿ. ಎಲ್ಲಿ ಗಟಾರದ ಮುಚ್ಚಳ ಒಡೆದಿದೆ, ಯಾವ ಕಂಬದ ದೀಪ ಉರಿಯುವುದಿಲ್ಲ, ಕಸ ಎಲ್ಲಿ ಬಿದ್ದಿರುತ್ತದೆ, ಬರೆದುಕೊಳ್ಳಿ. ಕಂಬದ ನಂಬರು ಬರೆಯಿರಿ, ಎದುರಿನ ಅಂಗಡಿಯ ಹೆಸರು ಬರೆಯಿರಿ, ಫೋಟೋ ತೆಗೆಯಿರಿ. "ನಮ್ಮ ರಸ್ತೆಯಲ್ಲಿ ದೀಪವಿಲ್ಲ" ಎಂದರೆ ಅದು ಗೊಣಗಾಟ. "ಇಂಥ ನಂಬರಿನ ಕಂಬದ ದೀಪ ಹತ್ತು ದಿನದಿಂದ ಆರಿದೆ" ಎಂದರೆ ಅದು ಕೆಲಸ.

ಎರಡನೆಯದು, ಒಂದೇ ಒಂದು ಕೆಲಸ ಆರಿಸಿಕೊಳ್ಳಿ. ಅದೂ ಆಗಬಲ್ಲಂಥ ಸಣ್ಣ ಕೆಲಸ. ನಾವು ಆರಿಸಿದ್ದು ಅಜ್ಜಿಯ ಮನೆಯ ಮುಂದಿನ ಗಟಾರ. ಆಗ ಗೊತ್ತಾಯಿತು, ಮಳೆನೀರಿನ ಚರಂಡಿ ಬೇರೆ, ಮಲಿನ ನೀರಿನ ಕೊಳವೆ ಬೇರೆ, ಎರಡಕ್ಕೂ ಇಲಾಖೆ ಬೇರೆ ಬೇರೆ. ಮಳೆಗಾಲದ ಮೊದಲು ಹೂಳೆತ್ತುವ ಕೆಲಸ ಮೇ ತಿಂಗಳ ಕೊನೆಯೊಳಗೆ ಮುಗಿಯಬೇಕೆಂದು ಪಾಲಿಕೆ ಗುರಿ ಇಟ್ಟುಕೊಳ್ಳುತ್ತದೆ. ಹಾಗಾಗಿ ಅರ್ಜಿ ಕೊಡುವ ಕಾಲ ಮಾರ್ಚ್. ಜೂನ್‌ನಲ್ಲಿ ಕೊಟ್ಟರೆ ಅದು ಅರ್ಜಿಯಲ್ಲ, ಅಳು.

ಮೂರನೆಯದು, ಒಬ್ಬರೇ ಹೋಗಬೇಡಿ. ಐದು ಮಂದಿ ಸಾಕು. ಅವರಲ್ಲಿ ಒಬ್ಬರು ಮರಾಠಿಯವರಿರಲಿ, ಒಬ್ಬರು ಹಗಲು ಮನೆಯಲ್ಲಿರುವವರು, ಒಬ್ಬರು ಕಾಲೇಜಿಗೆ ಹೋಗುವ ಹುಡುಗರು. ಕನ್ನಡಿಗರದೇ ಗುಂಪು ಕಟ್ಟಬೇಡಿ. ಗಟಾರಕ್ಕೆ ಭಾಷೆಯಿಲ್ಲ. ಆದರೆ ಅರ್ಜಿಗೆ ಭಾಷೆ ಇದೆ. ಅದನ್ನು ಮರಾಠಿಯಲ್ಲಿ ಬರೆಯಿರಿ. ನನ್ನ ಮರಾಠಿ ಮಾರ್ಕೆಟ್ಟಿನ ಮರಾಠಿ. ಪಕ್ಕದ ಮನೆಯ ಶಿಕ್ಷಕಿಯಿಂದ ತಿದ್ದಿಸಿಕೊಂಡೆ. ತಪ್ಪು ತಪ್ಪಾಗಿ ಮಾತಾಡಿದಾಗ ಕಚೇರಿಯಲ್ಲಿ ನಕ್ಕರು. ಆದರೆ ಕುರ್ಚಿ ಕೊಟ್ಟರು.

ನಾಲ್ಕನೆಯದು, ಕಾಗದಕ್ಕೆ ಸಾಕ್ಷಿ ಇಟ್ಟುಕೊಳ್ಳಿ. ಎರಡು ಪ್ರತಿ ಒಯ್ಯಿರಿ. ನಿಮ್ಮ ಪ್ರತಿಯ ಮೇಲೆ ಮೊಹರು, ತಾರೀಖು, ಇನ್‌ವರ್ಡ್ ನಂಬರು ಹಾಕಿಸಿಕೊಳ್ಳದೆ ಕಿಟಕಿ ಬಿಡಬೇಡಿ. ಫೋನಿನಲ್ಲಿ ದೂರು ಕೊಡುವುದಾದರೆ ಪಾಲಿಕೆಯ ಸಹಾಯವಾಣಿ 1916 ಇದೆ. ಅಲ್ಲಿಯೂ ದೂರಿನ ನಂಬರು ಕೇಳಿ ಬರೆದುಕೊಳ್ಳಿ. ಎಷ್ಟು ಕೇಳಿದರೂ ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು. ಆದರೆ ಅದನ್ನು ಮೊದಲ ದಿನವೇ ಕತ್ತಿಯ ಹಾಗೆ ಝಳಪಿಸಬೇಡಿ. ಮೊದಲು ಮಾತು, ಆಮೇಲೆ ಕಾಗದ, ಕೊನೆಗೆ ಕಾಯ್ದೆ.

ಐದನೆಯದು ತುಂಬ ಮುಖ್ಯ. ಪೌರಕಾರ್ಮಿಕರು ಮಾಡಬೇಕಾದ ಕೆಲಸಕ್ಕೆ, ಯಂತ್ರ ಮಾಡಬೇಕಾದ ಕೆಲಸಕ್ಕೆ ನೀವು ಕೈ ಹಾಕಬೇಡಿ. ಮಳೆಯಲ್ಲಿ ನೀರು ಇಳಿಯಲಿ ಎಂದು ಮ್ಯಾನ್‌ಹೋಲಿನ ಮುಚ್ಚಳ ತೆಗೆಯುವವರನ್ನು ನೋಡಿದ್ದೇನೆ. 2017ರ ಆಗಸ್ಟ್ 29ರ ಮಳೆಯಲ್ಲಿ ಈ ನಗರದ ಒಬ್ಬ ಹೆಸರಾಂತ ವೈದ್ಯರು ಮನೆಗೆ ನಡೆದು ಹೋಗುವಾಗ ನೀರಿನಡಿ ತೆರೆದಿದ್ದ ಮ್ಯಾನ್‌ಹೋಲಿಗೆ ಬಿದ್ದು ತೀರಿಕೊಂಡರು. ಒಳ್ಳೆಯ ಮನಸ್ಸೊಂದೇ ಸಾಲದು, ಕೇಳುಗರೆ. ಮುಚ್ಚಳ ತೆರೆದಿದ್ದರೆ ಪಕ್ಕದಲ್ಲಿ ನಿಂತು ಜನರನ್ನು ಎಚ್ಚರಿಸಿ, 1916ಕ್ಕೆ ಫೋನು ಮಾಡಿ. ನೀವೇ ತೆರೆಯಬೇಡಿ. ಯಾವ ಮನುಷ್ಯನನ್ನೂ ಅದರೊಳಗೆ ಇಳಿಸಲು ಬಿಡಬೇಡಿ. 2013ರ ಕಾನೂನು ಅಪಾಯಕರ ರೀತಿಯಲ್ಲಿ ಅಂಥ ಕೆಲಸ ಮಾಡಿಸುವುದನ್ನು ನಿಷೇಧಿಸಿದೆ.

ಗಟಾರ ಬೇಡ ಎನ್ನುವವರಿಗೆ ಕಸ ಇದೆ! ಇದು ಮನೆಯೊಳಗಿಂದಲೇ ಶುರುವಾಗುವ ಸ್ವಯಂಸೇವೆ. 2016ರ ಜನವರಿಯಲ್ಲಿ ದೇವನಾರಿನ ಕಸದ ಗುಡ್ಡಕ್ಕೆ ಬೆಂಕಿ ಬಿದ್ದು ದಿನಗಟ್ಟಲೆ ನಗರಕ್ಕೆ ಹೊಗೆ ಕವಿದದ್ದು ನೆನಪಿರಬಹುದು. 1927ರಿಂದ ಅಲ್ಲಿ ಕಸ ಸುರಿಯುತ್ತ ಬಂದಿದ್ದೇವೆ. ಅದೇ 2016ರ ನಿಯಮಗಳು ಕಸವನ್ನು ಮೂರು ಭಾಗ ಮಾಡಿ ಎಂದವು. 2026ರ ಏಪ್ರಿಲ್ 1ರಿಂದ ಅನ್ವಯವಾಗುವಂತೆ ಪ್ರಕಟವಾದ ಹೊಸ ನಿಯಮಗಳು ನಾಲ್ಕು ಭಾಗ ಎನ್ನುತ್ತವೆ: ಹಸಿ ಕಸ, ಒಣ ಕಸ, ಸ್ಯಾನಿಟರಿ ಕಸ, ಬಲ್ಬು ಔಷಧಿಗಳಂಥ ವಿಶೇಷ ಕಸ. ನಿಮ್ಮ ಮಹಡಿಯ ನಾಲ್ಕು ಮನೆಗಳಿಗೆ ಇದನ್ನು ಒಪ್ಪಿಸಿ ನೋಡಿ. ಒಂದು ತಿಂಗಳು ಅದನ್ನು ಮಾಡಿಸಿದವರಿಗೆ ಯಾವ ಸಮಿತಿಯನ್ನು ನಡೆಸಲೂ ಹೆದರಿಕೆಯಿಲ್ಲ.

ಬೇರೆ ನಗರಗಳ ಕೇಳುಗರಿಗೂ ಎರಡು ಮಾತು. ಪುಣೆಯಲ್ಲಿ 2006ರ ಸುಮಾರಿಗೆ ಆರಂಭವಾದ ಪದ್ಧತಿಯಂತೆ ನಾಗರಿಕರು ತಮ್ಮ ಬಡಾವಣೆಯ ಸಣ್ಣ ಕಾಮಗಾರಿಗಳನ್ನು ಪಾಲಿಕೆಯ ಬಜೆಟ್ಟಿಗೆ ಸೂಚಿಸಬಹುದು. ಚೆನ್ನೈಯಲ್ಲಿ 200 ವಾರ್ಡುಗಳಿವೆ. ತಮಿಳುನಾಡು 2022ರಲ್ಲಿ ವಾರ್ಡ್ ಸಮಿತಿ, ಏರಿಯಾ ಸಭೆಗಳಿಗೆ ನಿಯಮ ಮಾಡಿತು. ದೆಹಲಿಯಲ್ಲಿ ನಿವಾಸಿಗಳ ಕಲ್ಯಾಣ ಸಂಘಗಳೇ ಮೊದಲ ಬಾಗಿಲು. ದಾರಿಯ ಹೆಸರು ಬೇರೆ ಬೇರೆ, ಹೆಜ್ಜೆ ಒಂದೇ.

ನಮ್ಮ ಗಟಾರದ ಕತೆ ಏನಾಯಿತು ಎಂದು ಕೇಳುತ್ತೀರಿ. ಎರಡು ಮಾರ್ಚ್‌ಗಳು ಬೇಕಾದವು. ಮೊದಲ ವರ್ಷ ಹೂಳೆತ್ತಿ ರಸ್ತೆಯ ಬದಿಯಲ್ಲೇ ಸುರಿದು ಹೋದರು. ಮೊದಲ ಮಳೆಗೆ ಅದು ಮತ್ತೆ ಒಳಗೆ ಹೋಯಿತು. ಮರುವರ್ಷ ನಾವು ಐದು ಮಂದಿ ಪಾಳಿ ಹಾಕಿಕೊಂಡು ಲಾರಿ ಬರುವ ತನಕ ಅಲ್ಲೇ ನಿಂತೆವು. ಒಂದು ಮಧ್ಯಾಹ್ನ ಅಜ್ಜಿಯೂ ಕುರ್ಚಿ ಹಾಕಿಸಿಕೊಂಡು ಕೂತರು. ಕೆಲಸಗಾರರಿಗೆ ಮಜ್ಜಿಗೆ ಕೊಟ್ಟರು. ಆಕೆ ಈಗ ಇಲ್ಲ. ಭಾರಿ ಮಳೆ ಬಂದರೆ ಇಂದಿಗೂ ನಮ್ಮ ಗಲ್ಲಿಯಲ್ಲಿ ನೀರು ನಿಲ್ಲುತ್ತದೆ. ಆದರೆ ಅದು ಪಾದ ಮುಳುಗಿಸುತ್ತದೆ, ಸಂಜೆಗೆ ಇಳಿಯುತ್ತದೆ. ಆಕೆಯ ಮನೆಗೆ ಬಾಡಿಗೆಗೆ ಬಂದ ಹೊಸ ಸಂಸಾರಕ್ಕೆ ಈ ಕತೆ ಏನೂ ಗೊತ್ತಿಲ್ಲ. ಅವರು ನೆಲದ ಮೇಲೆಯೇ ಹಾಸಿಗೆ ಹಾಸಿ ಮಲಗುತ್ತಾರೆ. ಅದನ್ನು ನೋಡಿದಾಗ ನನಗಾಗುವ ಸಮಾಧಾನ ಯಾವ ಸನ್ಮಾನದ ಶಾಲಿನಲ್ಲೂ ಸಿಕ್ಕಿಲ್ಲ.

ಈ ವಾರ ನೀವು ಮಾಡಬೇಕಾದದ್ದು ಇಷ್ಟೇ. ನಿಮ್ಮ ವಾರ್ಡು ಯಾವುದೆಂದು ತಿಳಿದುಕೊಳ್ಳಿ. ನಗರಸೇವಕರ ಹೆಸರು ಬರೆದು ಕ್ಯಾಲೆಂಡರಿನ ಪಕ್ಕ ಅಂಟಿಸಿ. ಭಾನುವಾರ ಗಲ್ಲಿಯಲ್ಲಿ ಒಂದು ಸುತ್ತು ಹಾಕಿ. ಮತ್ತೆ, ನಿಮ್ಮ ಕಟ್ಟಡದಲ್ಲಿ ಏಪ್ರಿಲ್‌ನಿಂದ ಯಾರಾದರೂ ಏನನ್ನಾದರೂ ಹೇಳುತ್ತಿದ್ದರೆ, ಟ್ರೇನು ಹಿಡಿಯುವ ಮೊದಲು ಎರಡು ನಿಮಿಷ ನಿಂತು ಕೇಳಿ.