ದಿನವಿಶೇಷದಲ್ಲಿ ಒಂದು ಖಂಡ

(ಶಾಲೆಯ ಶತಮಾನೋತ್ಸವ ಉಪನ್ಯಾಸಮಾಲೆಯಲ್ಲಿ ಮುಖ್ಯಾಧ್ಯಾಪಕಿಯವರು ಮಾಡಿದ ಭಾಷಣದ ಬರಹರೂಪ)



ಮಹಾರಾಷ್ಟ್ರದ ಶಾಲೆಗಳಲ್ಲಿ ಬೆಳಗಿನ ಪರಿಪಾಠದ ಅಂಗವಾಗಿ ‘ದಿನವಿಶೇಷ’ವನ್ನು ಓದುವ ಪದ್ಧತಿಯಿದೆ. ಆ ದಿನ ನಡೆದ ಘಟನೆ, ಆ ದಿನ ಹುಟ್ಟಿದ ಮಹನೀಯರು. ಇಷ್ಟನ್ನು ಒಂದು ಮಗು ಓದುತ್ತದೆ, ಓದಿ ಸಾಲಿಗೆ ಮರಳುತ್ತದೆ. ನವೆಂಬರ್ 12, 1866: ಚೀನಾದ ಸುನ್ ಯಾಟ್ ಸೆನ್ ಅವರ ಜನನ. ಜನವರಿ 3, 1831: ಸಾವಿತ್ರಿಬಾಯಿ ಫುಲೆಯವರ ಜನನ. ರವೀಂದ್ರನಾಥ ಠಾಕೂರರೂ ವಿಯೆಟ್ನಾಮಿನ ಹೋ ಚಿ ಮಿನ್ ಅವರೂ ಮೇ ತಿಂಗಳಲ್ಲಿ ಹುಟ್ಟಿದವರಾದ್ದರಿಂದ ಪಾಪ, ಬೇಸಿಗೆಯ ರಜೆಯಲ್ಲಿಯೇ ಉಳಿದುಬಿಡುತ್ತಾರೆ.

ಇಂದು ನನಗೆ ಕೊಟ್ಟಿರುವ ವಿಷಯ ಏಷ್ಯಾ ಖಂಡದ ಇತಿಹಾಸ, ಘಟನೆಗಳು ಮತ್ತು ಜನನಗಳ ಮೂಲಕ. ಅಷ್ಟು ವಿಸ್ತಾರವಾದ ಖಂಡವನ್ನು ಅರ್ಧ ಗಂಟೆಯಲ್ಲಿ ಸುತ್ತಿಬರುವುದು ನನ್ನಿಂದಾಗದು. ಉಮರ್ಗಾ, ನಿಲಂಗಾ, ಉದಗೀರ ಈ ಮೂರು ಊರುಗಳ ಸೀಮೆಯಲ್ಲಿ ನಿಂತು ನೋಡಿದರೆ ಆ ಖಂಡ ಎಲ್ಲೆಲ್ಲಿ ಕಾಣಿಸುತ್ತದೆ ಎಂಬುದನ್ನಷ್ಟೇ ಹೇಳುತ್ತೇನೆ. ಇತಿಹಾಸವೆಂಬುದು ಬೇರೆಲ್ಲೋ, ಬೇರೆ ಯಾರಿಗೋ ನಡೆದದ್ದು ಎಂಬ ಭಾವನೆ ನಮ್ಮ ಗಡಿಭಾಗದ ಮಕ್ಕಳಲ್ಲಿ ಬಲವಾಗಿ ಬೇರೂರಿದೆ. ನನ್ನ ಚಿಂತೆ ಅದೇ.

1760ರ ಫೆಬ್ರವರಿ 3ನ್ನು ತೆಗೆದುಕೊಳ್ಳಿ. ಉದಗೀರದ ಯುದ್ಧದ ದಿನ. ಸದಾಶಿವರಾವ್ ಭಾವೂ ಅವರು ನಿಜಾಮನ ಸೈನ್ಯವನ್ನು ಸೋಲಿಸಿ, ಸುಮಾರು 60 ಲಕ್ಷ ರೂಪಾಯಿ ಉತ್ಪನ್ನದ ಪ್ರದೇಶವನ್ನು ಪಡೆದರು. ಪಾಠ್ಯಪುಸ್ತಕದ ಒಂದು ವಾಕ್ಯದಲ್ಲಿ ಇದು ಮುಗಿದುಹೋಗುತ್ತದೆ. ಆದರೆ ಹದಿಮೂರು ವರ್ಷ ಹಿಂದಕ್ಕೆ ಹೋಗೋಣ. 1747ರಲ್ಲಿ ಇರಾನಿನ ನಾದಿರ್ ಶಾಹನ ಕೊಲೆಯಾಯಿತು. ಅವನ ಸೇನೆಯಲ್ಲಿದ್ದ ಅಹಮದ್ ಶಾಹ ಅಬ್ದಾಲಿ ಕಂದಾಹಾರದಲ್ಲಿ ಪಟ್ಟಕ್ಕೆ ಬಂದ, ಮತ್ತೆ ಮತ್ತೆ ಹಿಂದುಸ್ತಾನದ ಮೇಲೆ ಏರಿಬಂದ. 1760ರ ಜನವರಿ 10ರಂದು ದಿಲ್ಲಿಯ ಬಳಿ ಯಮುನೆಯ ತೀರದಲ್ಲಿ ಅವನ ಸೈನ್ಯದೆದುರು ದತ್ತಾಜಿ ಶಿಂದೆ ಮಡಿದರು. ಆ ಸುದ್ದಿ ದಖ್ಖನ್ನಿಗೆ ಬಂದು ಮುಟ್ಟುವ ಮೊದಲೇ ಇಲ್ಲಿ ಉದಗೀರದ ಗೆಲುವಾಗಿತ್ತು. ಆ ಗೆಲುವಿನ ಕೀರ್ತಿಯೇ ಭಾವೂ ಅವರನ್ನು ಉತ್ತರದ ದಂಡಯಾತ್ರೆಗೆ ಒಯ್ದಿತು. ಉದಗೀರದಲ್ಲಿ ಗುಡುಗಿದ ಇಬ್ರಾಹಿಂ ಖಾನ್ ಗಾರ್ದಿಯ ತೋಪುಖಾನೆಯೂ ಅವರೊಡನೆ ಹೊರಟಿತು. 1761ರ ಜನವರಿ 14ರಂದು, ಇನ್ನೂ ಒಂದು ವರ್ಷ ತುಂಬುವ ಮುನ್ನವೇ, ಪಾಣಿಪತ್ತಿನಲ್ಲಿ ಇಬ್ಬರೂ ಇಲ್ಲವಾದರು. ಉದಗೀರದ ಕೋಟೆಗೆ ವಿಹಾರಕ್ಕೆ ಹೋಗಿ ಬುತ್ತಿ ಉಂಡು ಬರುವ ನಮ್ಮ ಮಕ್ಕಳಿಗೆ, ಆ ಬಯಲಿನಿಂದ ಕಂದಾಹಾರದವರೆಗೆ ಒಂದು ದಾರಿಯಿತ್ತೆಂದು ನಾವು ಹೇಳಬೇಡವೇ?

ದೂರದೇಶದ ದಾರಿ ಇದೊಂದೇ ಅಲ್ಲ. ಇರಾನಿನ ಗೀಲಾನ್ ಪ್ರಾಂತದಲ್ಲಿ ಹುಟ್ಟಿದ ಮಹಮೂದ್ ಗವಾನ್ ಬೀದರಿನಲ್ಲಿ 1472ರಲ್ಲಿ ಮದರಸಾ ಕಟ್ಟಿಸಿದ; 1481ರಲ್ಲಿ ತಾನು ಸೇವೆ ಮಾಡಿದ ಸುಲ್ತಾನನ ಆಜ್ಞೆಯಿಂದಲೇ ಹತನಾದ. “ಅದು ಕರ್ನಾಟಕದ ಇತಿಹಾಸವಲ್ಲವೇ ಬಾಯಿ?” ಎಂದು ಮಕ್ಕಳು ಕೇಳುತ್ತಾರೆ. 1956ರ ಅಕ್ಟೋಬರ್ 31ರವರೆಗೆ ಉದಗೀರ, ನಿಲಂಗಾ ಬೀದರ ಜಿಲ್ಲೆಯ ತಾಲೂಕುಗಳಾಗಿದ್ದವು. ಮರುದಿನ ಅವು ಮುಂಬಯಿ ರಾಜ್ಯಕ್ಕೆ ಸೇರಿದವು, ಬೀದರ ಮೈಸೂರು ರಾಜ್ಯಕ್ಕೆ. ನವೆಂಬರ್ 1 ಗಡಿಯಾಚೆ ರಾಜ್ಯೋತ್ಸವ. ನಮ್ಮಲ್ಲಿ ಮಹಾರಾಷ್ಟ್ರ ದಿನ ಮೇ 1. ಕನ್ನಡ ಶಾಲೆಯ ಮಗು ಎರಡನ್ನೂ ಅರಿತಿರಬೇಕು, ಎರಡನ್ನೂ ಗೌರವಿಸಬೇಕು. ವಿಜಾಪುರ ಜಿಲ್ಲೆಯ ಸಿಂದಗಿಯಲ್ಲಿ 1903ರ ಅಕ್ಟೋಬರ್ 3ರಂದು ಹುಟ್ಟಿ, ಇಲ್ಲಿಯ ಹಿಪ್ಪರಗಾದ ರಾಷ್ಟ್ರೀಯ ಶಾಲೆಯಲ್ಲಿ ಪಾಠ ಹೇಳಿ, ಹೈದರಾಬಾದ್ ಮುಕ್ತಿಸಂಗ್ರಾಮವನ್ನು ಮುನ್ನಡೆಸಿದ ಸ್ವಾಮಿ ರಾಮಾನಂದ ತೀರ್ಥರನ್ನು ಯಾವ ರಾಜ್ಯದವರೆನ್ನೋಣ?

ಇನ್ನು ದಿನವಿಶೇಷದಲ್ಲಿ ಬಾರದ ಜನನಗಳ ಮಾತು. ನಮ್ಮ ಊರುಗಳ ಹಳೆಯ ಸರಕಾರಿ ಕಾಗದಗಳಲ್ಲಿ ಫಸಲಿ ಸನ್ ಇರುತ್ತದೆ. ಅದಕ್ಕೆ 590 ಕೂಡಿಸಿದರೆ ಹೆಚ್ಚುಕಡಿಮೆ ಇಸವಿ ದೊರೆಯುತ್ತದೆ. ತಿಂಗಳುಗಳ ಹೆಸರು ಬಹಮನ್, ಖುರ್ದಾದ್, ತೀರ್, ಎಲ್ಲವೂ ಇರಾನಿನವು. ಉಮರ್ಗಾದ ರೈತನ ಹೊಲದ ಲೆಕ್ಕವನ್ನು ಪಾರಸಿ ತಿಂಗಳಲ್ಲಿ ಬರೆದಿಡುತ್ತಿದ್ದರೆಂದರೆ ಖಂಡ ಎಷ್ಟು ಹತ್ತಿರವಿತ್ತು ನೋಡಿ. ನಮ್ಮ ಶಾಲೆಗಳ ಜನರಲ್ ರಜಿಸ್ಟರಿನಲ್ಲಿಯಾದರೋ ಪುಟಪುಟಕ್ಕೂ ಜೂನ್ 1. ಜನ್ಮದಿನ ತಿಳಿಯದ ಮಗುವಿಗೆ ಗುರುಗಳು ಶಾಲೆ ಆರಂಭವಾಗುವ ತಿಂಗಳನ್ನೇ ಕೊಟ್ಟರು. ಮೇ 31ರಂದು ಒಟ್ಟೊಟ್ಟಿಗೆ ನಿವೃತ್ತರಾಗುವ ಶಿಕ್ಷಕರ ಸಂಖ್ಯೆ ನೋಡಿದರೆ ಮರಾಠವಾಡೆಯ ಅರ್ಧ ಜನ ಒಂದೇ ದಿನ ಹುಟ್ಟಿದಂತೆ ತೋರುತ್ತದೆ!

ಆದರೆ ಮನೆಯ ಹಿರಿಯರನ್ನು ಕೇಳಿದರೆ ಜೂನ್ 1 ಎನ್ನುವುದಿಲ್ಲ. “ರಜಾಕಾರರ ಗದ್ದಲದಾಗ ಊರು ಬಿಟ್ಟು ಹೋಗಿದ್ದೆವು, ಆವಾಗ ಹುಟ್ಟಿದವ” ಎನ್ನುತ್ತಾರೆ. ಅಂದರೆ 1948ರ ಸೆಪ್ಟೆಂಬರ್ 17ಕ್ಕೆ ತುಸು ಹಿಂದುಮುಂದು. “ಬರದ ವರ್ಷ, ಕಲ್ಲು ಒಡೆಯೋ ಕೆಲಸದ ಮ್ಯಾಲೆ” ಎಂದರೆ 1972. “ಭೂಕಂಪಕ್ಕ ಎಂಟು ದಿನದ ಕೂಸು” ಎಂದರೆ 1993ರ ಸೆಪ್ಟೆಂಬರ್ 30, ನಸುಕಿನ 3 ಗಂಟೆ 56 ನಿಮಿಷದಿಂದ ಹಿಂದಕ್ಕೆ ಎಣಿಸಬೇಕು. ಕಿಲ್ಲಾರಿ, ಸಾಸ್ತೂರುಗಳ ಆ ರಾತ್ರಿ ಸುಮಾರು 10,000 ಜೀವಗಳನ್ನು ನುಂಗಿತು. ಗಣಪತಿ ವಿಸರ್ಜನೆ ಮುಗಿಸಿ ಮಲಗಿದವರ ಮೇಲೆ ಕಲ್ಲುಮಣ್ಣಿನ ದಪ್ಪ ಗೋಡೆಗಳು ಬಿದ್ದವು. ನಾವು ನಿಂತ ನೆಲ ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಉತ್ತರಕ್ಕೆ ಸರಿದು ಏಷ್ಯಾವನ್ನು ಒತ್ತುತ್ತಿದೆ. ಹಿಮಾಲಯವನ್ನು ಎತ್ತಿದ ಆ ಒತ್ತಡವೇ ದಖ್ಖನ್ನಿನ ಒಡಲಲ್ಲಿಯೂ ಕೂಡುತ್ತಾ ಬರುತ್ತದೆ ಎನ್ನುತ್ತದೆ ಭೂವಿಜ್ಞಾನ. ಖಂಡದ ಇತಿಹಾಸ ನಮ್ಮ ಮನೆಯೊಳಗೆ ಬಂದ ದಿನ ಅದು.

ನಮ್ಮ ದಿನವಿಶೇಷದ ಫಲಕದ ಬಲಭಾಗವನ್ನು ಈ ವರ್ಷದಿಂದ ಖಾಲಿ ಬಿಡುತ್ತಿದ್ದೇವೆ. ಇಲ್ಲಿ ಕುಳಿತ ಅಜ್ಜ-ಅಜ್ಜಿಯರಲ್ಲಿ ನನ್ನ ವಿನಂತಿ: ನೀವು ಯಾವ ಹಂಗಾಮಿನಲ್ಲಿ, ಯಾವ ಗದ್ದಲದಲ್ಲಿ, ಯಾವ ಊರಲ್ಲಿ ಹುಟ್ಟಿದಿರೆಂದು ಮನೆಯ ಮಗುವಿಗೆ ಹೇಳಿ ಕಳುಹಿಸಿ. ತಾರೀಖನ್ನು ಹುಡುಕುವ ಕೆಲಸ ನಮ್ಮ ಒಂಬತ್ತನೆಯ ತರಗತಿಯವರದು. ದೀಪಾವಳಿಯ ರಜೆಯೊಳಗೆ ಬಂದರೆ ಅನುಕೂಲ.