ನಾಲ್ಕನೇ ತರಗತಿಯ ಕಾದಂಬರಿಕಾರ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ನನಗೆ ಕೊಟ್ಟಿರುವ ವಿಷಯ 'ನನ್ನ ಮೆಚ್ಚಿನ ಲೇಖಕ'. ಕುವೆಂಪು ಎಂದೋ ಕಾರಂತ ಎಂದೋ ಹೇಳಿದರೆ ಎಲ್ಲರಿಗೂ ನೆಮ್ಮದಿ. ಅವರನ್ನೂ ಓದಿದ್ದೇನೆ, ಕೈ ಮುಗಿಯುತ್ತೇನೆ. ಆದರೆ ಇವತ್ತು ನಾನು ಮಾತನಾಡುವುದು ಎನ್. ನರಸಿಂಹಯ್ಯನವರ ಬಗ್ಗೆ. ಮುಂದಿನ ಸಾಲಿನ ಯಜಮಾನರು ಕೆಲವರು ನಗುತ್ತಿದ್ದೀರಿ. ಅಂದರೆ ಓದಿದ್ದೀರಿ!

ಮಕ್ಕಳಿಗೆ ಆ ಹೆಸರು ಗೊತ್ತಿರಲಾರದು. 1925ರಲ್ಲಿ ಹುಟ್ಟಿದವರು. ಓದಿದ್ದು ನಾಲ್ಕನೇ ತರಗತಿಯವರೆಗೆ ಮಾತ್ರ. ನಮ್ಮ ಹೈಸ್ಕೂಲಿಗೆ ಬಂದು ಕೇಳಿದ್ದರೆ ಎಂಟನೇ ತರಗತಿಗೆ ಸೇರಿಸಿಕೊಳ್ಳಲು ಬರುತ್ತಿರಲಿಲ್ಲ. ಹೊಟ್ಟೆಪಾಡಿಗೆ ಬಸ್ಸಿನ ಕಂಡಕ್ಟರ್ ಕೆಲಸವನ್ನೂ ಮಾಡಿದವರು. ಅಂಥವರು 1952ರಲ್ಲಿ 'ಪತ್ತೇದಾರ ಪುರುಷೋತ್ತಮ' ಎಂಬ ಕಾದಂಬರಿ ಬರೆದರು. ಅಲ್ಲಿಂದ ನಿಲ್ಲಲೇ ಇಲ್ಲ. 2011ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಅವರ ಹೆಸರಿನಲ್ಲಿ ಐನೂರಕ್ಕೂ ಹೆಚ್ಚು ಕಾದಂಬರಿಗಳಿದ್ದವು. 550 ಎಂದು ಸಾಮಾನ್ಯವಾಗಿ ಲೆಕ್ಕ ಹೇಳುತ್ತಾರೆ. ತಿಂಗಳಿಗೊಂದರಂತೆ ತಪ್ಪದೆ ಬರೆದರೂ ಅಷ್ಟಾಗಲು ನಲವತ್ತೈದು ವರ್ಷ ದಾಟುತ್ತದೆ. ನಮ್ಮಲ್ಲಿ ಎಷ್ಟು ಜನ ತಿಂಗಳಿಗೊಂದು ಕಾಗದ ಬರೆದಿದ್ದೇವೆ?

ಇನ್ನು ನನ್ನ ಮನೆಯ ವಿಷಯ. ನಮ್ಮಣ್ಣನೂ ನಾಲ್ಕಕ್ಕೇ ಶಾಲೆ ಬಿಟ್ಟವನು. ಅಪ್ಪ ತೀರಿಕೊಂಡ ಮೇಲೆ ಇಟ್ಟಿಗೆ ಗೂಡಿಗೆ ಹೋದ. ನಾನು ಇಲ್ಲಿ ಕಲಿತದ್ದು ಅವನ ಕೂಲಿಯ ದುಡ್ಡಿನಲ್ಲಿ. ಹತ್ತು ವರ್ಷದಲ್ಲಿ ಅವನಿಗೆ ಒತ್ತಕ್ಷರವೆಲ್ಲ ಮರೆತುಹೋಗಿತ್ತು. ನಾನು ಒಂಬತ್ತನೆಯಲ್ಲಿದ್ದಾಗ ನಂಜನಗೂಡಿನಿಂದ ದಿನಬಾಡಿಗೆಗೆ ಒಂದು ಪುರುಷೋತ್ತಮನ ಕಾದಂಬರಿ ತಂದೆ. ರಾತ್ರಿ ಲಾಟೀನು ಇಟ್ಟುಕೊಂಡು ನಾನು ಓದುವುದು, ಅಣ್ಣ, ಅವ್ವ, ಪಕ್ಕದ ಮನೆಯ ಚಿಕ್ಕಮ್ಮ ಕೇಳುವುದು. ಒಂದು ದಿನ ಕತ್ತಲ ಕೋಣೆಯ ಬಾಗಿಲು ತೆರೆಯುವ ಹೊತ್ತಿಗೆ ಸರಿಯಾಗಿ ಅಧ್ಯಾಯ ಮುಗಿಯಿತು. ನಾಳೆ ಗಣಿತದ ಪರೀಕ್ಷೆ ಎಂದು ಹೇಳಿ ನಾನು ಮಲಗಿಬಿಟ್ಟೆ. ನಡುರಾತ್ರಿ ಎಚ್ಚರವಾದಾಗ ನೋಡಿದರೆ ಅಣ್ಣ ಲಾಟೀನಿನ ಪಕ್ಕ ಬೋರಲು ಮಲಗಿ, ಬೆರಳಿಟ್ಟುಕೊಂಡು ಒಂದೊಂದೇ ಅಕ್ಷರ ಕೂಡಿಸುತ್ತಿದ್ದ. ಬೆಳಗಾಗುವಷ್ಟರಲ್ಲಿ ಎರಡು ಪುಟ ಆಗಿತ್ತಂತೆ.

ವರ್ಷ ಕಳೆಯುವುದರೊಳಗೆ ಟೀ ಅಂಗಡಿಯಲ್ಲಿ ಪೇಪರನ್ನು ಹತ್ತು ಜನಕ್ಕೆ ಓದಿ ಹೇಳುವವನಾದ. ಮುಂದೆ ನಮ್ಮ ಹೊಲದ ಮಾರಾಟಕ್ಕೆ ಒಬ್ಬ ದಳ್ಳಾಳಿ ಕರಾರುಪತ್ರ ತಂದು ಹೆಬ್ಬೆಟ್ಟು ಒತ್ತಲು ಹೇಳಿದಾಗ, ಅಣ್ಣ ಕೂತು ಪೂರ್ತಿ ಓದಿದ. ಮಾತಾಗಿದ್ದು ಮೂವತ್ತು ಗುಂಟೆಗೆ, ಕಾಗದದಲ್ಲಿದ್ದದ್ದು ಒಂದು ಎಕರೆ ಚಿಲ್ಲರೆ. ಉಳಿದ ನೆಲ ಇವತ್ತೂ ನಮ್ಮ ಹೆಸರಿನಲ್ಲೇ ಇದೆ. ಪತ್ತೇದಾರಿ ಕಾದಂಬರಿ ಓದಿದರೆ ಹುಡುಗರು ಕೆಡುತ್ತಾರೆ ಎನ್ನುವವರಿಗೆ ನಾನು ಈ ಪಹಣಿ ತೋರಿಸುತ್ತೇನೆ.

ಆ ಕಾದಂಬರಿಗಳೆಲ್ಲ ಉತ್ತಮ ಸಾಹಿತ್ಯ ಎಂದು ನಾನು ವಾದಿಸುವುದಿಲ್ಲ. ಅಷ್ಟೊಂದು ಬರೆದಾಗ ಒಂದರ ನೆರಳು ಇನ್ನೊಂದರ ಮೇಲೆ ಬೀಳುತ್ತದೆ. ಎಸ್.ಎಸ್.ಎಲ್.ಸಿ. ಮುಗಿಸಿ ನಾನು ಮೈಸೂರಿನ ಒಂದು ಅಚ್ಚುಕೂಟದಲ್ಲಿ ಮೊಳೆ ಜೋಡಿಸುವ ಕೆಲಸಕ್ಕೆ ಸೇರಿದೆ. ಆಗ ಈ ಬಗೆಯ ಪುಸ್ತಕಗಳ ಒಳಗುಟ್ಟು ತಿಳಿಯಿತು. ಹದಿನಾರು ಪುಟಕ್ಕೆ ಒಂದು ಫಾರಂ, ಎಂಟು ಫಾರಂ ಎಂದರೆ 128 ಪುಟ. ಕಥೆ ಅಷ್ಟರಲ್ಲೇ ಮುಗಿಯಬೇಕು. ಕೊಲೆಗಾರ ಸಿಕ್ಕಿಬೀಳುವುದು ಏಳನೇ ಫಾರಂ ದಾಟಿದ ಮೇಲೆಯೇ. ಬರೆಯುವವರಿಗೆ ಒಂದೇ ಸಲ ಕೈಗಿಷ್ಟು ದುಡ್ಡು. ಮರುಮುದ್ರಣವಾದರೆ ಅವರಿಗೆ ಏನೂ ಇಲ್ಲ. ಅಂಥ ಲೇಖಕರು ಪ್ರೆಸ್ಸಿನ ಬೆಂಚಿನ ಮೇಲೆ ಕೂತು ಕೊನೆಯ ಅಧ್ಯಾಯ ಬರೆದುಕೊಡುವುದನ್ನು ನಾನೇ ನೋಡಿದ್ದೇನೆ. ತಿದ್ದಲು ಪುರುಸೊತ್ತು ಎಲ್ಲಿ? ಆದರೆ ವಾಕ್ಯ ಮಾತ್ರ ತಿಳಿಯಾಗಿ ಇರಲೇಬೇಕಿತ್ತು. ಓದುವವನಿಗೆ ಎಡವಿದಂತಾದರೆ ಮಾರನೆಯ ದಿನ ಪುಸ್ತಕ ಬಾಡಿಗೆಗೆ ಹೋಗುತ್ತಿರಲಿಲ್ಲ. ನಮ್ಮಣ್ಣನಂಥವನ ಕೈಗೆ ಆ ಪುಸ್ತಕ ದಕ್ಕಿದ್ದು ಅದರಿಂದಲೇ ಎಂದು ನನ್ನ ಅಂದಾಜು.

ನರಸಿಂಹಯ್ಯನವರು ಒಬ್ಬರೇ ಅಲ್ಲ. 'ಬಂಗಾರದ ಮನುಷ್ಯ' ಸಿನಿಮಾ ನೋಡದವರು ಇಲ್ಲಿ ಯಾರೂ ಇರಲಾರರು. ಆ ಕಾದಂಬರಿ ಬರೆದ ಟಿ.ಕೆ. ರಾಮರಾಯರೂ ಪತ್ತೇದಾರಿ ಬರೆದವರೇ. ನಮ್ಮ ಪಕ್ಕದ ನಂಜನಗೂಡಿನಲ್ಲಿ 1918ರಲ್ಲಿ ಹುಟ್ಟಿದ ಮ. ರಾಮಮೂರ್ತಿಯವರು ನೂರೈವತ್ತರಷ್ಟು ಪತ್ತೇದಾರಿ ಕಾದಂಬರಿ ಬರೆದರು. ವೀರಕೇಸರಿ ಸೀತಾರಾಮ ಶಾಸ್ತ್ರಿಗಳ ಮಗ. ಕನ್ನಡ ಚಳವಳಿಗೆ ಇಳಿದು, ಬೀದಿಯಲ್ಲಿ ನಿಂತು ದುಡಿದರು. 1967ರಲ್ಲಿ ತಮ್ಮ ಜಮೀನಿನಲ್ಲಿ ಬಾವಿ ತೋಡಿಸುವಾಗ ಮಣ್ಣು ಕುಸಿದು, ಇಬ್ಬರು ಗಂಡುಮಕ್ಕಳೊಡನೆ ತೀರಿಕೊಂಡರು. ಮಕ್ಕಳೆ, ನವೆಂಬರ್ 1ರಂದು ನೀವು ಹಿಡಿಯುವ ಹಳದಿ ಕೆಂಪು ಬಾವುಟ ಇದೆಯಲ್ಲ, ಅದನ್ನು ರೂಪಿಸಿದವರು ಅವರೇ. ಕೊಲೆ, ಕಳ್ಳತನದ ಕಥೆ ಬರೆದ ಕೈ ಅದು.

ಈ ಪುಸ್ತಕಗಳು ಈಗ ಹುಡುಕಿದರೂ ಸಿಗುವುದು ಕಷ್ಟ. ಅಗ್ಗದ ಕಾಗದ, ಮುಟ್ಟಿದರೆ ಪುಡಿ. ದೊಡ್ಡ ಗ್ರಂಥಾಲಯಗಳು ಜೋಪಾನ ಮಾಡುವ ಬಗೆಯದಲ್ಲ. ಓದಿದವರೂ ತೂಕಕ್ಕೆ ಹಾಕಿಬಿಟ್ಟರು. ನಿಮ್ಮ ಅಟ್ಟದಲ್ಲಿ, ಹಳೆಯ ಟ್ರಂಕಿನಲ್ಲಿ ಇನ್ನೂ ಉಳಿದಿದ್ದರೆ ದಯವಿಟ್ಟು ಬಿಸಾಡಬೇಡಿ. ಶಾಲೆಗೆ ತಂದುಕೊಡಿ. ಮುಖ್ಯೋಪಾಧ್ಯಾಯರು ಗ್ರಂಥಾಲಯದಲ್ಲಿ ಒಂದು ಗೂಡು ಬಿಟ್ಟುಕೊಡಲು ಒಪ್ಪಿದ್ದಾರೆ.

ಅಣ್ಣ ಕೂಡಿಟ್ಟಿದ್ದ ಹನ್ನೊಂದು ಪುಸ್ತಕಗಳನ್ನು ಈ ಚೀಲದಲ್ಲಿ ತಂದಿದ್ದೇನೆ. ಎರಡರಲ್ಲಿ ಕೊನೆಯ ಪುಟಗಳಿಲ್ಲ. ಕೊಲೆಗಾರ ಯಾರೆಂದು ಪತ್ತೆ ಮಾಡಿದ ಮಕ್ಕಳು ನನಗೂ ಒಂದು ಮಾತು ಹೇಳಿ.