ಫೋನ್ ಕದ್ದು ಕೇಳಿದ ಕೇಸು, ಒಪ್ಪದ ಜಡ್ಜು

ಇವತ್ತಿನ ಕಥೆ ನಿಮ್ಮ ಕೈಲಿರೋ ಫೋನಿಗೆ ಸಂಬಂಧಿಸಿದ್ದು. ಆದ್ರೆ ಶುರುವಾಗೋದು ಅಮೆರಿಕದ ಸಿಯಾಟಲ್‌ನಲ್ಲಿ, ಸುಮಾರು ನೂರು ವರ್ಷದ ಹಿಂದೆ.

ಆಗ ಅಲ್ಲಿ ಪಾನನಿಷೇಧ. ರಾಯ್ ಓಮ್‌ಸ್ಟೆಡ್ ಅನ್ನೋ ಮಾಜಿ ಪೊಲೀಸ್ ಅಧಿಕಾರಿ ಕಳ್ಳತನದಿಂದ ಮದ್ಯ ತರಿಸಿ ಭರ್ಜರಿ ದಂಧೆ ನಡೆಸ್ತಿದ್ದ. ಅಧಿಕಾರಿಗಳು ಅವನ ಮನೆಗೆ ನುಗ್ಗಲಿಲ್ಲ. ಹೊರಗೆ ಬೀದಿಯಲ್ಲಿದ್ದ ಟೆಲಿಫೋನ್ ತಂತಿಗೆ ಇನ್ನೊಂದು ತಂತಿ ಜೋಡಿಸಿ, ತಿಂಗಳುಗಟ್ಟಲೆ ಮಾತು ಕೇಳಿಸಿಕೊಂಡು ಬರೆದಿಟ್ರು. ವಾರಂಟ್ ಇರಲಿಲ್ಲ.

1928ರಲ್ಲಿ ಸುಪ್ರೀಂ ಕೋರ್ಟ್ 5–4ರಿಂದ ಇದನ್ನ ಒಪ್ಪಿತು. ಮನೆಯೊಳಗೆ ಕಾಲಿಟ್ಟಿಲ್ಲ, ವಸ್ತು ಮುಟ್ಟಿಲ್ಲ, ಹಾಗಾಗಿ ಅದು ಶೋಧನೆಯೇ ಅಲ್ಲ ಅನ್ನೋ ತರ್ಕ. ಒಪ್ಪದ ನಾಲ್ವರಲ್ಲಿ ಒಬ್ರು ಲೂಯಿಸ್ ಬ್ರಾಂಡೈಸ್, ಆ ಕೋರ್ಟಿನ ಮೊದಲ ಯಹೂದಿ ನ್ಯಾಯಮೂರ್ತಿ. ಅವರು ಬರೆದ ಭಿನ್ನ ತೀರ್ಪನ್ನ ನಾನು ಮೊಬೈಲಲ್ಲೇ ಓದಿದ್ದು, ಓದ್ತಾ ಮೈ ಜುಮ್ಮೆಂದಿತು. ಮುಚ್ಚಿದ ಲಕೋಟೆಗೂ ಫೋನ್ ಮಾತಿಗೂ ಏನು ವ್ಯತ್ಯಾಸ ಅಂತಾರೆ. ಮುಂದೊಂದು ದಿನ ಸರ್ಕಾರ ನಮ್ಮ ಡ್ರಾಯರ್ ತೆಗೆಯದೆಯೇ ಒಳಗಿನ ಕಾಗದವನ್ನ ಕೋರ್ಟಲ್ಲಿ ತೋರಿಸಬಹುದು ಅಂತಾರೆ. ಟಿವಿ ಕೂಡ ಮನೆಮನೆಗೆ ಬಂದಿರದ ಕಾಲ ಅದು!

ಈ ಯೋಚನೆ ಅವರಿಗೆ ಹೊಸದಲ್ಲ. 1890ರಲ್ಲೇ, ವಕೀಲರಾಗಿದ್ದಾಗ, ಗೆಳೆಯ ಸ್ಯಾಮ್ಯುಯೆಲ್ ವಾರನ್ ಜೊತೆ ಖಾಸಗಿತನದ ಹಕ್ಕಿನ ಬಗ್ಗೆ ಲೇಖನ ಬರೆದಿದ್ರು. ಆಗಿನ ಭಯ ಅಂದ್ರೆ ದಿಢೀರ್ ಫೋಟೋ ತೆಗೆಯೋ ಕ್ಯಾಮೆರಾ, ಗಾಸಿಪ್ ಪತ್ರಿಕೆ.

ಜಡ್ಜ್ ಆಗೋದೂ ಸಲೀಸಾಗಿರಲಿಲ್ಲ. ದೊಡ್ಡ ಕಂಪನಿಗಳನ್ನ ಎದುರು ಹಾಕಿಕೊಂಡ ವಕೀಲ ಅಂತ ಕೆಲವರಿಗೆ ಸಿಟ್ಟು, ಯಹೂದಿ ಅಂತ ಕೆಲವರಿಗೆ ಅಸಹನೆ. 1916ರಲ್ಲಿ ಸೆನೆಟ್ ಒಪ್ಪೋಕೆ ನಾಲ್ಕು ತಿಂಗಳು ಹಿಡೀತು.

ಹಾಗಂತ ಇವರನ್ನ ದೇವರು ಮಾಡೋದು ಬೇಡ. 1927ರಲ್ಲಿ ಬಕ್ ವರ್ಸಸ್ ಬೆಲ್ ಕೇಸಲ್ಲಿ, 'ಬುದ್ಧಿಮಾಂದ್ಯೆ' ಅಂತ ಹಣೆಪಟ್ಟಿ ಹಚ್ಚಿದ ಹುಡುಗಿಗೆ ಬಲವಂತದ ಸಂತಾನಹರಣ ಆಪರೇಷನ್ ಮಾಡಬಹುದು ಅಂದ ಬಹುಮತದಲ್ಲಿ ಇವರೂ ಇದ್ರು. ಫೋನಿನ ಮಾತಿಗೆ ಕೊಟ್ಟ ರಕ್ಷಣೆ ಆ ಹುಡುಗಿಯ ದೇಹಕ್ಕೆ ಕೊಡಲಿಲ್ಲ. ಇದು ನನಗೆ ಇನ್ನೂ ನುಂಗೋಕಾಗಲ್ಲ.

ಬ್ರಾಂಡೈಸ್ 1941ರಲ್ಲಿ ತೀರಿಕೊಂಡ್ರು. 1967ರಲ್ಲಿ, ಫೋನ್ ಬೂತಿಗೆ ಸಂಬಂಧಿಸಿದ ಕ್ಯಾಟ್ಜ್ ಕೇಸಲ್ಲಿ, ಅದೇ ಕೋರ್ಟು ಓಮ್‌ಸ್ಟೆಡ್ ತೀರ್ಪಿನ ತರ್ಕವನ್ನ ಕೈಬಿಡ್ತು.

ಇನ್ನು ನಮ್ಮೂರಿನ ಕೊಂಡಿ. 2012ರಲ್ಲಿ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, 80 ದಾಟಿದ ಅಜ್ಜ, ಆಧಾರ್ ಪ್ರಶ್ನಿಸಿ ದಿಲ್ಲಿಗೆ ಹೋದ್ರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಅಂದ್ರು. ಆ ತೀರ್ಪಿನ ಪುಟಗಳಲ್ಲಿ ಬ್ರಾಂಡೈಸ್ ಹೆಸರಿದೆ. 1890ರ ಆ ಲೇಖನವೂ ಇದೆ.